ಹಗಲು ಕನ್ನಡ ಪ್ರೂಫ್, ರಾತ್ರಿ ವ್ಯಾಲೊರಂಟ್: 27 ಇಂಚಿನ ಮಾನಿಟರ್‌ನಲ್ಲಿ 1440ಪಿ ಸಾಕಾ, 4ಕೆ ಬೇಕಾ?

ಕರಡುಮನೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮನೆಯಿಂದಲೇ ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೆ ಇನ್‌ಡಿಸೈನ್ (ಪುಟ ವಿನ್ಯಾಸದ ಸಾಫ್ಟ್‌ವೇರ್), ಪಿಡಿಎಫ್. ರಾತ್ರಿ ಊಟ ಆದ ಮೇಲೆ ತಮ್ಮನ ಜೊತೆ ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್. ಅವನು ಹುಬ್ಬಳ್ಳಿಯಲ್ಲಿದ್ದಾನೆ, ನಮ್ಮಿಬ್ಬರಿಗೂ ನೆಮ್ಮದಿಯಾಗಿ ಮಾತಾಡೋಕೆ ಸಿಗೋದು ಆ ಹೊತ್ತು ಮಾತ್ರ. ಹಾಗಾಗಿ ಗೇಮ್ ನನಗೆ ಸಣ್ಣ ವಿಷಯ ಅಲ್ಲ.

ಈಗಿರೋ ಮಾನಿಟರ್ 24 ಇಂಚು, 1080ಪಿ (ಅಂದರೆ ಮೇಲಿಂದ ಕೆಳಗೆ 1080 ಪಿಕ್ಸೆಲ್), 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ). ಪುಟ ಪೂರ್ತಿ ಕಾಣೋ ಹಾಗೆ ಇಟ್ಟರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ದ ಮತ್ತು ಧ ನಡುವೆ ಇರೋದು ಕೆಳಗಿನ ಒಂದು ಸಣ್ಣ ಸೀಳು ಅಲ್ವಾ, ಈ ಸ್ಕ್ರೀನ್‌ನಲ್ಲಿ ಅದು ಒಂದೆರಡು ಪಿಕ್ಸೆಲ್. ಥ ಒಳಗಿನ ಚುಕ್ಕೆಯಂತೂ ಮಸಿಯಲ್ಲಿ ಮುಚ್ಚಿದ ಹಾಗೆ ಇರುತ್ತೆ. 'ಅರ್ಧ'ನಾ 'ಅರ್ಥ'ನಾ ಅಂತ ಪ್ರತಿ ಸಲ ಝೂಮ್ ಮಾಡಿ ನೋಡಬೇಕು. ಸಂಜೆ ಹೊತ್ತಿಗೆ ಕಣ್ಣು ಉರಿ.

ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ಬಜೆಟ್ 25 ಸಾವಿರ, ತೀರಾ ಬೇಕಾದರೆ ಒಂದೆರಡು ಸಾವಿರ ಜಾಸ್ತಿ. ಕಣ್ಣಿಗೂ ಸ್ಕ್ರೀನಿಗೂ ಎರಡು ಅಡಿ ದೂರ. ನೋಡಿರೋದು ಮೂರು: 27 ಇಂಚು 1440ಪಿ 165 ಹರ್ಟ್ಸ್ ಐಪಿಎಸ್, 27 ಇಂಚು 4ಕೆ (ಮೇಲಿಂದ ಕೆಳಗೆ 2160 ಪಿಕ್ಸೆಲ್) 60 ಹರ್ಟ್ಸ್ ಐಪಿಎಸ್, 32 ಇಂಚು 1440ಪಿ ಕರ್ವ್ಡ್ ವಿಎ (ಐಪಿಎಸ್, ವಿಎ ಎರಡೂ ಪ್ಯಾನೆಲ್‌ನ ಬಗೆಗಳು). ಯಾವುದು ತಗೊಳ್ಳಲಿ?

ರ‍್ಯಾಂಕ್ಡ್ ರಾತ್ರಿ

ಕಣ್ಣು ಮುಚ್ಚಿಕೊಂಡು ಮೊದಲನೆಯದು ತಗೊಳ್ಳಿ. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಬರೋದು 16.7 ಮಿಲಿಸೆಕೆಂಡಿಗೆ ಒಂದು, 165ರಲ್ಲಿ ಸುಮಾರು 6ಕ್ಕೆ ಒಂದು. ಮೂಲೆಯಿಂದ ಎದುರಾಳಿ ಹೊರಗೆ ಬಂದಾಗ ಇದು ಕಣ್ಣಿಗೇ ಗೊತ್ತಾಗುತ್ತೆ. ವ್ಯಾಲೊರಂಟ್ ಹಗುರವಾದ ಗೇಮ್, 1440ಪಿಯಲ್ಲೂ ನಿಮ್ಮ 3060 ಆರಾಮಾಗಿ ಓಡಿಸುತ್ತೆ. ಅಕ್ಷರವೂ ಈಗಿನದಕ್ಕಿಂತ ಚೆನ್ನಾಗಿರುತ್ತೆ, ಇಂಚಿಗೆ 92 ಪಿಕ್ಸೆಲ್ ಇದ್ದದ್ದು 109 ಆಗುತ್ತೆ.

ಅಚ್ಚುಮೊಳೆ

ನಾನೂ ಕನ್ನಡ ಡಿಟಿಪಿ ಕೆಲಸದವನೇ, ಗದಗದಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

32 ಇಂಚಿನದ್ದನ್ನು ಮೊದಲು ಬಿಡಿ. 32 ಇಂಚಿಗೆ 1440ಪಿ ಅಂದರೆ ಇಂಚಿಗೆ 92 ಪಿಕ್ಸೆಲ್. ನಿಮ್ಮ ಹಳೇ 24 ಇಂಚಿನದ್ದೂ ಅಷ್ಟೇ. ಜಾಗ ಸಿಗುತ್ತೆ, ಆದರೆ ಎರಡು ಅಡಿ ದೂರದಿಂದ ಅಕ್ಷರದ ಅಂಚು ಈಗಿನಷ್ಟೇ ಒರಟಾಗಿ ಕಾಣುತ್ತೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತೆ ನಿಜ, ಆದರೆ ಅಗ್ಗದವುಗಳಲ್ಲಿ ಕತ್ತಲ ದೃಶ್ಯ ಓಡಿದಾಗ ಹಿಂದೆ ಕಪ್ಪು ಗೆರೆ ಎಳೆದ ಹಾಗೆ ಆಗುತ್ತೆ. ಬಾಗಿದ ಸ್ಕ್ರೀನ್‌ನಲ್ಲಿ ಮಾರ್ಜಿನ್ ಗೆರೆ ನೇರ ಇದೆಯಾ ಅಂತ ನೋಡೋದೂ ಕಿರಿಕಿರಿ.

ಇನ್ನು ಉಳಿದ ಎರಡು. ನೀವು ಪುಟವನ್ನು ಪೂರ್ತಿ ಇಟ್ಟುಕೊಂಡು ಓದುತ್ತೀರಿ, ಲೆಕ್ಕಕ್ಕೆ ಬರೋದು ಅದೇ. ಈಗ ಒಂದು ಅಕ್ಷರಕ್ಕೆ 16 ಪಿಕ್ಸೆಲ್ ಎತ್ತರ ಸಿಗ್ತಿದೆ ಅಂದುಕೊಳ್ಳಿ. 1440ಪಿಯಲ್ಲಿ ಅದಕ್ಕೆ 21 ಸಿಗುತ್ತೆ, 4ಕೆಯಲ್ಲಿ 32. ಇಂಗ್ಲಿಷ್ ಓದೋರಿಗೆ 21 ಧಾರಾಳ ಸಾಕು. ನಮಗೆ ಆ 21ರೊಳಗೆ ಮೇಲೆ ಗುಡಿಸು, ಮಧ್ಯೆ ಅಕ್ಷರ, ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು ಎಲ್ಲ ಕೂರಬೇಕು. 'ರಾಷ್ಟ್ರ'ದಲ್ಲಿ ಷ ಕೆಳಗೆ ಟ ಒತ್ತು, ರ ಒತ್ತು ಎರಡೂ ಇವೆ, ಅವಕ್ಕೆ ಎಷ್ಟು ಪಿಕ್ಸೆಲ್ ಉಳಿಯುತ್ತೆ ನೋಡಿ. ಮಾನಿಟರ್ ರಿವ್ಯೂಗಳಲ್ಲಿ 1440ಪಿ ಅಕ್ಷರ ಚೆನ್ನಾಗಿದೆ ಅಂತ ಬರೆಯೋರು ನಮ್ಮ ಲಿಪಿ ನೋಡಿ ಬರೆದಿರೋದಿಲ್ಲ.

4ಕೆಯಲ್ಲಿ ಎಲ್ಲ ಚಿಕ್ಕದಾಗಿ ಕಾಣುತ್ತೆ ಅಂತ ಹೆದರಬೇಡಿ. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಎಲ್ಲವನ್ನೂ ದೊಡ್ಡದು ಮಾಡಿ ತೋರಿಸೋ ಸೆಟ್ಟಿಂಗ್) 150% ಇಟ್ಟರೆ ಕೆಲಸದ ಜಾಗ 1440ಪಿಯಷ್ಟೇ ಇರುತ್ತೆ, ಅದೇ ಅಕ್ಷರಕ್ಕೆ ಪಿಕ್ಸೆಲ್ ಮಾತ್ರ ಎರಡೂಕಾಲು ಪಟ್ಟು.

ಒಂದು ಕೆಲಸ ಮಾಡಿ. ನೀವೇ ಮಾಡಿದ ಒಂದು ಪುಟವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅಡಿಟಿಪ್ಪಣಿ ಇರೋ ಪುಟ ಆದರೆ ಇನ್ನೂ ಒಳ್ಳೇದು. ಅಂಗಡಿಯವರು ಹಾಕೋ ಸಮುದ್ರ, ಹಕ್ಕಿ ವಿಡಿಯೋದಲ್ಲಿ ಎಲ್ಲ ಮಾನಿಟರೂ ಚೆಂದವೇ.

ರ‍್ಯಾಂಕ್ಡ್ ರಾತ್ರಿ

ಒತ್ತಕ್ಷರದ ಮಾತು ಒಪ್ಪಿದೆ, ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಆದರೆ 60 ಹರ್ಟ್ಸ್ ಬಗ್ಗೆ ನನ್ನ ಮಾತು ಹಾಗೇ ಇದೆ. 4ಕೆಯಲ್ಲೇ 144 ಹರ್ಟ್ಸ್ ಇರೋವೂ ಬಂದಿವೆ, ಬಜೆಟ್ ಮೀರುತ್ತೆ ಅಷ್ಟೇ. ಡಿಸ್ಕೌಂಟ್ ಸೀಸನ್‌ವರೆಗೆ ಕಾಯೋಕೆ ಆಗುತ್ತಾ?

ಕರಡುಮನೆ

ಕಾಯೋಕೆ ಆಗಲ್ಲ, ನವೆಂಬರ್‌ಗೆ ಮೊದಲು ಮುಗಿಸಬೇಕಾದ ಪುಸ್ತಕಗಳಿವೆ. ಅಂಗಡಿಗೆ ಹೋಗಿ ಬಂದೆ. ಅಡಿಟಿಪ್ಪಣಿ ತುಂಬಿರೋ ಪುಟವನ್ನೇ ತಗೊಂಡು ಹೋಗಿದ್ದೆ. 1440ಪಿಯಲ್ಲಿ ಮುಖ್ಯ ಪಠ್ಯ ಪರವಾಗಿಲ್ಲ, ಧ ಸೀಳು ಕಾಣುತ್ತೆ. ಅಡಿಟಿಪ್ಪಣಿಗೆ ಬಂದಾಗ ಮುಂದೆ ಬಾಗಬೇಕಾಯ್ತು. 4ಕೆಯಲ್ಲಿ ಕುರ್ಚಿಗೆ ಒರಗಿಕೊಂಡೇ 'ಅರ್ಥ'ದ ಚುಕ್ಕೆ ಕಂಡಿತು. ಅಂಗಡಿ ಹುಡುಗನೂ ಪಕ್ಕದಲ್ಲಿ ನಿಂತು ಓದಿ, ಹೌದು ಅಂದ.

4ಕೆ ತಗೋತೀನಿ. ಗೇಮ್ ಈಗಲೂ 60ರಲ್ಲೇ ಆಡ್ತಿರೋದು, ಇನ್ನಷ್ಟು ತಿಂಗಳು ನಡೆಯುತ್ತೆ. ಆಮೇಲೆ ಹಳೇದನ್ನು ಕೊಟ್ಟು ಅದರ ಜಾಗಕ್ಕೆ 24 ಇಂಚಿನ 1080ಪಿ, ಜಾಸ್ತಿ ಹರ್ಟ್ಸ್ ಇರೋದು ತರ್ತೀನಿ. ಅರ್ಧ ದುಡ್ಡು ನಾನು ಹಾಕ್ತೀನಿ ಅಂತ ತಮ್ಮ ಅಂದಿದ್ದಾನೆ.

ಅಚ್ಚುಮೊಳೆ

ಒಳ್ಳೇದಾಯ್ತು. ಡಬ್ಬದಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದರೆ ಅದನ್ನೇ ಹಾಕಿ. ಮನೆಯಲ್ಲಿರೋ ಹಳೇ ಎಚ್‌ಡಿಎಂಐ ಕೇಬಲ್ ಬೇಡ. ಎಚ್‌ಡಿಎಂಐ 1.4 ಕಾಲದ್ದಾದರೆ 4ಕೆಯಲ್ಲಿ 30 ಹರ್ಟ್ಸ್‌ಗೇ ನಿಂತುಬಿಡಬಹುದು, ಆಗ ಮೌಸ್ ಕೂಡ ಎಳೆದಾಡುತ್ತೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ 60 ಅಂತ ಇದೆಯಾ ನೋಡಿಕೊಳ್ಳಿ. ಡೆಡ್ ಪಿಕ್ಸೆಲ್ (ಕೆಟ್ಟುಹೋಗಿ ಬೆಳಗದ ಚುಕ್ಕೆ) ಎಷ್ಟಿದ್ದರೆ ಬದಲಾಯಿಸಿ ಕೊಡುತ್ತಾರೆ ಅಂತ ಬಿಲ್ ಮಾಡಿಸೋ ಮೊದಲೇ ಕೇಳಿ.