ಓದುಗರ ಸ್ಪಂದನ: ಮೂರು ವರ್ಷದ ಕರಾರು, ಹದಿನೈದು ದಿನದ ನೋಟಿಸು

ಪ್ರಶ್ನೆ ಹೀಗಿತ್ತು: ಬೇಕರಿಗೆಂದು ಮಳಿಗೆಯೊಂದನ್ನು ಮೂರು ವರ್ಷಕ್ಕೆ ಬಾಡಿಗೆಗೆ ಪಡೆದಿದ್ದೇನೆ. ಕರಾರು ಛಾಪಾ ಕಾಗದದಲ್ಲಿದೆ, ನೋಟರಿ ಆಗಿದೆ, ನೋಂದಣಿ ಆಗಿಲ್ಲ. ಇನ್ನೂ 16 ತಿಂಗಳು ಬಾಕಿ ಇದೆ. ಈಗ 15 ದಿನದಲ್ಲಿ ಖಾಲಿ ಮಾಡಿ ಎಂದು ನೋಟಿಸು ಬಂದಿದೆ, ಬೀಗ ಹಾಕುವ ಬೆದರಿಕೆಯೂ ಇದೆ. ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನಲೇ?

ಸಿವಿಲ್ ವಕೀಲೆಯೊಬ್ಬರು:

ಕಹಿ ಮಾತು ಮೊದಲು. ನೋಟರಿಯ ಮೊಹರು ಕರಾರಿಗೆ ನೋಂದಣಿಯ ಬಲ ಕೊಡುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 107ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಾಯಿತ ಪತ್ರದಿಂದಲೇ ಆಗಬೇಕು. ಇಲ್ಲದಿದ್ದರೆ ನೋಂದಣಿ ಕಾಯ್ದೆಯ 49ನೇ ಕಲಂ ಅಡ್ಡ ಬರುತ್ತದೆ. ‘ಮೂರು ವರ್ಷ’ ಎಂಬುದನ್ನು ಸಾಬೀತು ಮಾಡಲು ಆ ಪತ್ರ ನಡೆಯದು. ನೀವು ಒಳಗಿರುವುದು ಬಾಡಿಗೆದಾರರಾಗಿ ಎಂದು ತೋರಿಸಲಷ್ಟೇ ನಡೆದೀತು. ಅದಕ್ಕೂ ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ ಕೊರತೆಯ ಜೊತೆಗೆ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಹಾಗಾಗಿ ನಿಮ್ಮದು ತಿಂಗಳ ಬಾಡಿಗೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂನ 15 ದಿನದ ನೋಟಿಸು ಸಾಕು, ಎಣಿಕೆ ಅದು ನಿಮ್ಮ ಕೈಸೇರಿದ ದಿನದಿಂದ. ಬೇಕರಿಯಲ್ಲಿ ತಯಾರಿಕೆ ನಡೆಯುತ್ತದೆ, ಆರು ತಿಂಗಳ ನೋಟಿಸು ಬೇಕು ಎಂದು ವಾದಿಸುವವರಿದ್ದಾರೆ. ವರ್ಷದಿಂದ ವರ್ಷಕ್ಕೆ ಸಾಗುವ ಗುತ್ತಿಗೆಗೂ ನೋಂದಣಿ ಬೇಕಾದ್ದರಿಂದ ಅದು ನಿಲ್ಲುವುದು ಕಷ್ಟ. ನೋಟಿಸಿನಲ್ಲಿ ಎರಡು ದಿನ ಕಡಿಮೆ ಬಿತ್ತೆಂದು ಹಿಗ್ಗಲೂ ಬೇಡಿ. 2002ರ ತಿದ್ದುಪಡಿಯ ನಂತರ, ದಾವೆ 15 ದಿನ ಕಳೆದ ಮೇಲೆ ಹೂಡಿದ್ದರೆ ಆ ಒಂದು ತಪ್ಪಿಗೆ ನೋಟಿಸು ಬಿದ್ದುಹೋಗದು.

ಇನ್ನು ನಿಮ್ಮ ಪರವಾದ ಮಾತು. ನೋಟಿಸಿನಿಂದ ಬಾಡಿಗೆ ಕರಾರು ಮುಗಿಯಬಹುದು, ಶಟರಿಗೆ ಬೀಗ ಜಡಿಯುವ ಅಧಿಕಾರ ಬರುವುದಿಲ್ಲ. ಹೊರಹಾಕಲು ಡಿಕ್ರಿ, ಅಂದರೆ ಕೋರ್ಟಿನ ತೀರ್ಪಾದೇಶ ಬೇಕು. ಈಗಲೇ ತಡೆಯಾಜ್ಞೆ ಕೋರಿ. ಮಾಲೀಕರು ಕೇವಿಯಟ್ (ತಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕಿದ್ದರೆ, 90 ದಿನದ ಅದರ ಅವಧಿಯಲ್ಲಿ, ಅವರಿಗೆ ತಿಳಿಸದೆ ಆದೇಶ ಸಿಗದು. ಬೀಗ ಬಿದ್ದೇ ಬಿಟ್ಟರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಇದೆ. ಆರು ತಿಂಗಳೊಳಗೆ ದಾವೆ ಹೂಡಬೇಕು. ಆಸ್ತಿ ಯಾರದು ಎಂಬ ಚರ್ಚೆ ಅಲ್ಲಿಲ್ಲ, ಸ್ವಾಧೀನ ಹೇಗೆ ತಪ್ಪಿತು ಎಂಬುದಷ್ಟೇ ಮುಖ್ಯ.

ಮಳಿಗೆಯನ್ನೊಮ್ಮೆ ಅಳೆದುಬಿಡಿ. ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕರ್ನಾಟಕ ಬಾಡಿಗೆ ಕಾಯ್ದೆ, 1999 ವಾಣಿಜ್ಯ ಮಳಿಗೆಗೆ ಅನ್ವಯಿಸಬೇಕಾದರೆ ತಳ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿರಬಾರದು. ಬಾಡಿಗೆಗೂ ಮಿತಿ ಇದೆ. ಒಲೆ ಇಟ್ಟ ಬೇಕರಿ ಅಷ್ಟರಲ್ಲಿ ಹಿಡಿಯುವುದು ಅಪರೂಪ.

ವಾಣಿಜ್ಯ ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುವವರು:

ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ಕರಾರಿನಲ್ಲಿ ಒಪ್ಪಿಗೆ ಇಲ್ಲದಿದ್ದರೆ ಅದು ಬಾಕಿ ಉಳಿಸಿಕೊಂಡಂತೆಯೇ. ಎದುರಾಳಿಗೆ ನೀವೇ ಕಾರಣ ಕೈಗಿಟ್ಟಂತೆ. ಪ್ರತಿ ತಿಂಗಳೂ ಬ್ಯಾಂಕ್ ಮೂಲಕ, ಯಾವ ತಿಂಗಳ ಬಾಡಿಗೆ ಎಂದು ನಮೂದಿಸಿ ಕಳಿಸಿ. ಹಿಂದಿರುಗಿಸಿದರೆ ಡಿಡಿ ತೆಗೆಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಪಸು ಬಂದ ಲಕೋಟೆಯನ್ನು ಒಡೆಯದೆ ಇಡಿ. ನೋಟಿಸಿನ ಬಳಿಕ ಮಾಲೀಕರು ಬಾಡಿಗೆ ಪಡೆದರೆ, ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಂ ಪ್ರಕಾರ ನೋಟಿಸು ಬಿಟ್ಟುಕೊಟ್ಟಂತೆ ಎಂದು ವಾದಿಸಬಹುದು. ಬಲ್ಲ ಮಾಲೀಕರು ಅದಕ್ಕೇ ರಸೀದಿಯಲ್ಲಿ ‘ಬಾಡಿಗೆ’ ಎಂದು ಬರೆಯುವುದಿಲ್ಲ, ‘ಬಳಕೆಯ ಪರಿಹಾರ’ ಎನ್ನುತ್ತಾರೆ.

ವರ್ಷಗಟ್ಟಲೆ ಎಳೆದಾಡುವುದೇನೂ ಅಗ್ಗವಲ್ಲ. ಸೋತರೆ ನೋಟಿಸಿನ ಅವಧಿ ಮುಗಿದಾಗಿನಿಂದ ಮಾರುಕಟ್ಟೆ ದರದಲ್ಲಿ ಪರಿಹಾರ ಕಟ್ಟಬೇಕಾದೀತು.

ಒಲೆ, ಹೊಗೆ ಕೊಳವೆ, ಮಿಕ್ಸರ್, ಗಾಜಿನ ಕಪಾಟು ನೀವು ಕೂರಿಸಿದ್ದಾದರೆ ಅದೇ ಕಾಯ್ದೆಯ 108(ಎಚ್) ಕಲಂ ಪ್ರಕಾರ ಬಿಚ್ಚಿ ಒಯ್ಯಬಹುದು. ಆದರೆ ಕೀಲಿಕೈ ಕೊಡುವ ಮುಂಚೆ. ಆಮೇಲೆ ಹಕ್ಕು ಉಳಿಯುವುದಿಲ್ಲ. ಗೋಡೆಯ ತೂತು ಮುಚ್ಚಿಸಿ, ಫೋಟೊ ತೆಗೆಯಿರಿ. ಬಿಡುವ ದಿನ ಮೀಟರ್ ರೀಡಿಂಗ್, ಕೀಲಿಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಹಾಕಿ. ಅಡ್ವಾನ್ಸ್ ಅಲ್ಲೇ, ಆಗಲೇ ಕೈಗೆ ಬರಲಿ. ‘ಮುಂದಿನ ವಾರ’ ಎಂದರೆ ಕೀಲಿಯೂ ಮುಂದಿನ ವಾರ.

ಇನ್ನೊಬ್ಬ ವಕೀಲರು:

ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರೇ ತೀರ್ಪು ಕೊಡುವ) ಕಲಂ ಇದೆಯೇ ನೋಡಿ. ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲದ ಮಳಿಗೆಯ ವ್ಯಾಜ್ಯ ಮಧ್ಯಸ್ಥರ ಮುಂದೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇಲ್ಲವಾದರೆ, ವ್ಯಾಪಾರಕ್ಕಷ್ಟೇ ಬಳಸುವ ಜಾಗ ಮತ್ತು ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಗಮನಿಸಿ. ತುರ್ತು ಮಧ್ಯಂತರ ಪರಿಹಾರ ಕೇಳದ ದಾವೆಗೆ ಮೊದಲು ಸಂಧಾನ ಕಡ್ಡಾಯ. ನಿಮ್ಮ ಮಟ್ಟಿಗೆ ಇದು ಒಳ್ಳೆಯ ಅವಕಾಶ. 16 ತಿಂಗಳು ಕೇಳಬೇಡಿ. ಬೇರೆ ಮಳಿಗೆ ಹುಡುಕಿ ಒಲೆ ಸಾಗಿಸಲು ಎಷ್ಟು ಕಾಲ ಬೇಕೋ ಅಷ್ಟು ಕೇಳಿ. ಸಂಧಾನದಲ್ಲಿ ಸಹಿಯಾದ ಒಪ್ಪಂದಕ್ಕೆ ಮಧ್ಯಸ್ಥಿಕೆಯ ತೀರ್ಪಿನ ಬಲವಿದೆ. ಅಡ್ವಾನ್ಸ್ ಮರಳಿಸುವ ತಾರೀಖನ್ನು ಅದರೊಳಗೇ ಬರೆಸಿ.