ಹೊಸ ಹಾರ್ಡ್‌ಕೋರ್ ರೆಕಾರ್ಡ್‌ಗಳೆಲ್ಲ ಒಂದೇ ಥರ ಕೇಳಿಸ್ತವೆ, ಹೇಗೆ ಕೇಳೋದು?

ಕೇಳಿದವರು: ಮೂರುತಂತಿ
ಹೊಸ ಹಾರ್ಡ್‌ಕೋರ್ (ಪಂಕ್ ರಾಕ್‌ನ ಇನ್ನೂ ವೇಗದ, ಒರಟು ರೂಪ), ಮೆಲೋಡಿಕ್ ಪಂಕ್ ಆಲ್ಬಮ್‌ಗಳನ್ನು ಕೇಳಿ ಅನ್ನಿಸಿದ್ದನ್ನು ಬರೆದಿಡಬೇಕು ಅಂತ ಆಸೆ. ಆದರೆ ನಾಲ್ಕು ಆಲ್ಬಮ್ ಆಗುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ‘ಎನರ್ಜಿ ಸೂಪರ್’ ಬಿಟ್ಟು ಬೇರೆ ಸಾಲು ಹೊಳೆಯಲ್ಲ. ಅನುಭವ ಇದ್ದವರು ಕ್ರಮ ಹೇಳಿ.

ಡುಂಟಾ
ಗಿಟಾರು, ಕಿರುಚಾಟ ಎರಡನ್ನೂ ಮರೆತು ಮೊದಲ ಸಲ ಡ್ರಮ್ಸ್ ಮಾತ್ರ ಕೇಳಿ. ಹಾರ್ಡ್‌ಕೋರ್‌ನಲ್ಲಿ ಒಂದು ಬ್ಯಾಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರೋದೇ ಅಲ್ಲಿ.

ಸ್ನೇರ್ (‘ಟಾ’ ಅಂತ ಚುರುಕಾಗಿ ಕೇಳುವ ಡ್ರಮ್) ಹೊಡೆತ 15 ಸೆಕೆಂಡಿಗೆ ಎಷ್ಟು ಅಂತ ಬೆರಳಲ್ಲಿ ಎಣಿಸಿ. 50 ಬಂದರೆ ನಿಮಿಷಕ್ಕೆ 200, ಇದು ‘ಡುಂ-ಟಾ ಡುಂ-ಟಾ’ ಅಂತ ಓಡುವ ಸ್ಕ್ಯಾಂಕ್ ಬೀಟ್. ನಡುವೆ ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್, ‘ಡುಂ’) ಒಂದು ಎಡವಿದ ಹಾಗೆ ‘ಡುಂ ಟಾ ಡುಡುಂ ಟಾ’ ಅಂತ ಬಂದು, ಸಿಂಬಲ್ ಸದ್ದು ಎಲ್ಲದರ ಮೇಲೆ ಹರಡಿದ್ದರೆ ಅದು ಡಿ-ಬೀಟ್. ಹೆಸರು ಬಂದಿದ್ದು ಇಂಗ್ಲೆಂಡಿನ ಡಿಸ್ಚಾರ್ಜ್ ಬ್ಯಾಂಡಿನಿಂದ. ಆಮೇಲೆ ಬ್ರೇಕ್‌ಡೌನ್, ಅಂದರೆ ಹಾಡು ಇದ್ದಕ್ಕಿದ್ದಂತೆ ನಿಧಾನವಾಗಿ ಭಾರ ಆಗುವ ಭಾಗ. ಅದೇ 15 ಸೆಕೆಂಡಿಗೆ ಎಣಿಕೆ 12-13ಕ್ಕೆ ಬೀಳುತ್ತೆ. ಕರ್ನಾಟಕ ಸಂಗೀತ ಕೇಳುವವರಿಗೆ ಇದು ಹೊಸದೇನಲ್ಲ, ಮೇಲಿನ ಕಾಲದಿಂದ ಕೆಳಗಿನ ಕಾಲಕ್ಕೆ ಇಳಿದ ಹಾಗೆ.

ಒಳ್ಳೆಯ ಬ್ಯಾಂಡು ಗೊತ್ತಾಗೋದು ಇಳಿಯುವ ಮುಂಚಿನ ಆ ಅರ್ಧ ಸೆಕೆಂಡ್ ಖಾಲಿಯಲ್ಲಿ. ಗಿಟಾರ್ ಫೀಡ್‌ಬ್ಯಾಕ್‌ನ ಕೀರಲು ಸದ್ದು ಒಂದೇ ನೇತಾಡ್ತಾ ಇರುತ್ತೆ, ಆಮೇಲೆ ಎಲ್ಲರೂ ಒಟ್ಟಿಗೆ ಬೀಳ್ತಾರೆ. ಖಾಲಿ ಬಿಡದೆ ಸೀದಾ ನಿಧಾನ ಆದರೆ ಬ್ರೇಕ್‌ಡೌನ್ ಸಪ್ಪೆ. ಬರೆಯುವಾಗ ನಿಮಿಷ-ಸೆಕೆಂಡ್ ಹಾಕಿ: ‘1:12ಕ್ಕೆ ಎಲ್ಲ ನಿಂತು ಬೇಸ್ ಮಾತ್ರ’. ‘ಎನರ್ಜಿ’ ಅನ್ನುವ ಪದಕ್ಕೆ ಆಗ ಕೆಲಸವೇ ಇರಲ್ಲ.

ಬೇಸ್ ಪಕ್ಷ
ಹಾರ್ಡ್‌ಕೋರ್‌ಗೆ ಒಪ್ಪಿದೆ. ಮೆಲೋಡಿಕ್ ಪಂಕ್‌ಗೆ ಈ ಎಣಿಕೆ ಸಾಲದು, ಅಲ್ಲಿ ಮುಕ್ಕಾಲು ಬ್ಯಾಂಡುಗಳ ಡ್ರಮ್ಸ್ ಒಂದೇ ಅಚ್ಚು. ಬೇಸ್ ಗಿಟಾರಿನ ಜಾಡು ಹಿಡಿಯಿರಿ. ಗಿಟಾರ್ ಮೂರು ಪವರ್ ಕಾರ್ಡ್‌ನಲ್ಲಿ (ಎರಡು ಸ್ವರ ಸೇರಿಸಿ ನುಡಿಸುವ ಸರಳ ಕಾರ್ಡ್) ಸುತ್ತುವಾಗ ಬೇಸ್ ಅದೇ ಸ್ವರಗಳನ್ನು ಒತ್ತುತ್ತಾ ಇದೆಯಾ, ಅಥವಾ ನಡುವೆ ತನ್ನದೇ ರಾಗ ಕಟ್ಟುತ್ತಾ ಇದೆಯಾ? ಡಿಸೆಂಡೆಂಟ್ಸ್‌ನ 1982ರ ‘ಮೈಲೋ ಗೋಸ್ ಟು ಕಾಲೇಜ್’ನ ಮೊದಲ ಹಾಡು ಶುರುವಾಗೋದೇ ಬೇಸ್‌ನಿಂದ. 15 ಹಾಡು, 22 ನಿಮಿಷದ ಆಸುಪಾಸು. ಹೊಸ ರೆಕಾರ್ಡ್ ಅಳೆಯೋಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ.

ಎರಡನೆಯದು ಹಿಂದಿನ ದನಿಗಳು. ಬ್ಯಾಡ್ ರಿಲಿಜನ್ ‘ಸಫರ್’ (1988) ಹಾಕಿ, ಪಲ್ಲವಿಯಲ್ಲಿ ಒಬ್ಬರ ಮೇಲೊಬ್ಬರು ‘ಆ...’ ಅಂತ ಎಳೆಯೋದನ್ನು ಕೇಳಿ. ಒಂದೊಂದು ದನಿ ಒಂದೊಂದು ಸ್ವರ. ಹಾರ್ಡ್‌ಕೋರ್‌ನ ಗ್ಯಾಂಗ್ ವೋಕಲ್ಸ್ ಬೇರೆ. ಅದು ಹತ್ತು ಜನ ಒಂದೇ ಸ್ವರದಲ್ಲಿ ಕೂಗೋದು. ಹೊಸ ಬ್ಯಾಂಡು ಎರಡರಲ್ಲಿ ಯಾವುದನ್ನು ಎಲ್ಲಿ ಬಳಸಿದೆ ಅಂತ ಬರೆದರೆ ಅರ್ಧ ವಿಮರ್ಶೆ ಮುಗೀತು.

ಸೂಜಿಮುಳ್ಳು
ಮೊದಲು ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಸೆಟ್ಟಿಂಗ್) ಸೊನ್ನೆ ಮಾಡಿ. 12 ಸೆಕೆಂಡ್ ಇಟ್ಟಿದ್ದರೆ ಒಂದು ನಿಮಿಷದ ಹಾಡಿನ ತಲೆ, ಬಾಲ ಎರಡೂ ಪಕ್ಕದ ಹಾಡಿಗೆ ಅಂಟಿಕೊಳ್ಳುತ್ತೆ. ಆಮೇಲೆ ‘ಎಲ್ಲ ಒಂದೇ ಥರ’ ಅನ್ನಿಸದೆ ಇನ್ನೇನು? ಷಫಲ್ ಬೇಡವೇ ಬೇಡ. ಈಕ್ವಲೈಜರ್‌ನಲ್ಲಿ ಬೇಸ್ (ತಗ್ಗು ಸದ್ದು), ಟ್ರೆಬಲ್ (ಮೇಲಿನ ಸದ್ದು) ಎತ್ತಿ ನಡುವನ್ನು ತಗ್ಗಿಸುವ ಸೆಟ್ಟಿಂಗ್ ಇದ್ದರೆ ತೆಗೀರಿ. ಗಿಟಾರು, ದನಿ, ಸ್ನೇರ್‌ನ ಏಟು ಎಲ್ಲ ಇರೋದು ನಡುವಿನಲ್ಲೇ.

ವಿನೈಲ್ ಆದರೆ ವೇಗ ನೋಡ್ಕೊಳ್ಳಿ. ಪಂಕ್‌ನಲ್ಲಿ 12 ಇಂಚಿನ ರೆಕಾರ್ಡನ್ನೂ 45ಕ್ಕೆ (ನಿಮಿಷಕ್ಕೆ 45 ಸುತ್ತು) ಕೊರೆಯೋದುಂಟು, ಲೇಬಲ್ ಮೇಲೆ ವೇಗ ಹಾಕದೇ ಇರೋದೂ ಉಂಟು. 33ರದನ್ನು 45ಕ್ಕೆ ಹಾಕಿದರೆ ಹಾಡು 35% ಜೋರಾಗಿ ಓಡುತ್ತೆ, ಶ್ರುತಿ ‘ಸ’ದಿಂದ ‘ಮ’ಕ್ಕೆ ಏರುತ್ತೆ. ಬೇರೆ ಸಂಗೀತದಲ್ಲಿ ತಕ್ಷಣ ಸಿಕ್ಕಿಬೀಳುತ್ತೆ, ಇಲ್ಲಿ ‘ಆಹಾ, ಎಂಥ ವೇಗ’ ಅನ್ನಿಸಿಬಿಡುತ್ತೆ! ಪರೀಕ್ಷೆ ಸುಲಭ: ಡಿಜಿಟಲ್‌ನಲ್ಲಿ 2:00 ಇರುವ ಹಾಡು 1:29ಕ್ಕೆ ಮುಗಿದರೆ ವೇಗ ತಪ್ಪು. ಅಮೆರಿಕದ 7 ಇಂಚಿಗೆ ನಡುವಿನ ತೂತು ದೊಡ್ಡದಿದ್ದರೆ ಅಡಾಪ್ಟರ್ ಬೇಕು.

ಡುಂಟಾ
ಸೂಜಿಮುಳ್ಳು ಅವರೇ, ಅವರ ಹತ್ರ ಟರ್ನ್‌ಟೇಬಲ್ ಇದೆ ಅಂತ ಎಲ್ಲಿ ಹೇಳಿದ್ರು? 😄

ಮೂರುತಂತಿ
ಇಲ್ಲ, ಫೋನು-ಹೆಡ್‌ಫೋನು ಅಷ್ಟೇ. ಯಾವುದರಿಂದ ಶುರು ಮಾಡಲಿ?

ಬೇಸ್ ಪಕ್ಷ
ಬಾಲ್ಟಿಮೋರ್‌ನ ಟರ್ನ್‌ಸ್ಟೈಲ್ ಬ್ಯಾಂಡು: ‘ಗ್ಲೋ ಆನ್’ (2021), ಅದರ ಬೆನ್ನಿಗೆ ‘ನೆವರ್ ಎನಫ್’ (2025). ಎರಡನೆಯದರಲ್ಲಿ ‘ಲುಕ್ ಔಟ್ ಫಾರ್ ಮಿ’ ಆರೂವರೆ ನಿಮಿಷ ದಾಟುತ್ತೆ, ಬಾಲದಲ್ಲಿ ಅವರ ಊರು ಬಾಲ್ಟಿಮೋರ್‌ನ ಕ್ಲಬ್ ಸಂಗೀತಕ್ಕೆ ಹೊರಳುತ್ತೆ. ಅದು ಹಾರ್ಡ್‌ಕೋರೋ ಅಲ್ಲವೋ ಅಂತ ಜಗಳ ಇದ್ದೇ ಇದೆ. ಹೊರಳುವ ಜಾಗದ ಸೆಕೆಂಡ್ ಬರೆದು ನಿಮ್ಮ ತೀರ್ಪು ಕೊಡಿ.

ಡುಂಟಾ
ನಂದು ಸಿಡ್ನಿಯ ಸ್ಪೀಡ್ ಅನ್ನೋ ಬ್ಯಾಂಡು, ‘ಓನ್ಲಿ ಒನ್ ಮೋಡ್’ (2024). ಅದರಲ್ಲಿ ಒಂದು ಕಡೆ ಕೊಳಲು ಬರುತ್ತೆ. ತಮಾಷೆಗಲ್ಲ, ಬ್ರೇಕ್‌ಡೌನಿಗೆ ಸರಿಯಾಗಿ ಕೂರುತ್ತೆ. ಟರ್ನ್‌ಸ್ಟೈಲ್ ಚೆನ್ನಾಗಿದೆ, ಆದರೆ ಎಣಿಸೋದು ಕಲಿಯೋಕೆ ಇದು ಮೇಲು.

ಸೂಜಿಮುಳ್ಳು
ಸಣ್ಣ ಬ್ಯಾಂಡುಗಳ ಡೆಮೊ ಬೇಕಾದರೆ ಬ್ಯಾಂಡ್‌ಕ್ಯಾಂಪ್ (ಬ್ಯಾಂಡುಗಳು ತಾವೇ ಹಾಡು ಮಾರುವ ಜಾಲತಾಣ) ನೋಡಿ. ಎಷ್ಟೋ ಡೆಮೊಗಳಿಗೆ ನೀವು ಕೊಟ್ಟಷ್ಟೇ ಬೆಲೆ. ಕೊಂಡರೆ ಗುಣಮಟ್ಟ ಕುಂದದ ಎಫ್‌ಎಲ್‌ಎಸಿ (FLAC) ಫೈಲ್ ಇಳಿಸಿಕೊಳ್ಳಬಹುದು. ಸಾಹಿತ್ಯವೂ ಎಷ್ಟೋ ಸಲ ಅಲ್ಲೇ ಇರುತ್ತೆ. ಅದನ್ನು ಮೂರನೇ ಸಲ ಕೇಳುವಾಗ ಓದಿ, ಮೊದಲೇ ಓದಿದರೆ ಕಿವಿ ಮಾತಿನ ಹಿಂದೆ ಹೋಗಿ ಡ್ರಮ್ಸ್ ತಪ್ಪುತ್ತೆ.

ಮೂರುತಂತಿ
ಮೂರು ಸಲ ಕೇಳಿಯೂ ಏನೂ ಅನ್ನಿಸದಿದ್ದರೆ?

ಡುಂಟಾ
ಗಮನ ಎಲ್ಲಿ ಜಾರಿತು ಅಂತ ಬರೆಯಿರಿ. ಯಾವ ಹಾಡು, ಎಷ್ಟನೇ ಸೆಕೆಂಡು. ಮೂರು ಸಲವೂ ಅದೇ ಜಾಗದಲ್ಲಿ ಜಾರಿದ್ದರೆ ತಪ್ಪು ರೆಕಾರ್ಡಿನದು. ಬೇರೆ ಬೇರೆ ಜಾಗ ಆದರೆ ನಿದ್ದೆ ಮಾಡಿ ಎದ್ದು ಕೇಳಿ.