ಸರ್ಟಿಫೈಡ್ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಡಿಸ್ಕೌಂಟಲ್ಲಿ ಸಿಗ್ತಿರೋ ಹೊಸದಾ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಕಾರ್ ಬದಲಾಯಿಸೋ ಟೈಮ್ ಬಂದಿದೆ, ಎರಡು ಗಾಡಿ ನೋಡಿಟ್ಟಿದೀನಿ, ಯಾವ್ದು ಅಂತ ತೀರ್ಮಾನ ಆಗ್ತಿಲ್ಲ. ಒಂದು ಮೂರು ವರ್ಷ ಓಡಿರೋ ಸೆಡಾನ್, ಟಾಪ್ ಮಾಡೆಲ್, ಒಬ್ರೇ ಓನರ್, ಮೀಟರಲ್ಲಿ 38,000 ಕಿಲೋಮೀಟರ್ ತೋರಿಸ್ತಿದೆ. ಕಂಪನಿ ಡೀಲರೇ ಚೆಕ್ ಮಾಡಿ ಸರ್ಟಿಫೈಡ್ ಅಂತ ಇಟ್ಟಿದಾರೆ, ಒಂದು ವರ್ಷ ವಾರಂಟಿ ಕೊಡ್ತಾರಂತೆ. ಇನ್ನೊಂದು ಹೊಸ ಹ್ಯಾಚ್‌ಬ್ಯಾಕ್, ಮಧ್ಯದ ವೇರಿಯಂಟ್, ಇದ್ರ ಹೊಸ ವರ್ಷನ್ ಬರ್ತಿದೆ ಅಂತ ಹಳೇ ಸ್ಟಾಕ್ ಖಾಲಿ ಮಾಡ್ತಿದಾರೆ, ಡಿಸ್ಕೌಂಟ್ ಜೋರಾಗೇ ಇದೆ. ಡಿಸ್ಕೌಂಟ್ ಕಳೆದ ಮೇಲೆ ಹೊಸದಕ್ಕೂ ಸೆಡಾನ್‌ಗೂ ಹೆಚ್ಚುಕಮ್ಮಿ ಹತ್ತು ಪರ್ಸೆಂಟ್ ಅಷ್ಟೇ ವ್ಯತ್ಯಾಸ, ಸೆಡಾನ್ ಕಡಿಮೆ. ವರ್ಷಕ್ಕೆ ಸುಮಾರು 12,000 ಕಿಲೋಮೀಟರ್ ಓಡಿಸ್ತೀನಿ, ಮಕ್ಕಳಿದಾರೆ, ತಗೊಂಡ್ರೆ ಏಳೆಂಟು ವರ್ಷ ಇಟ್ಕೋತೀನಿ, ಪೂರ್ತಿ ಹಣ ಕೈಲಿಲ್ಲ, ಲೋನ್ ಬೇಕು. ಸೆಡಾನಲ್ಲಿ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ, ಆದ್ರೆ ಹೊಸದು ಹೊಸದೇ ಅಲ್ವಾ ಅಂತಾನೂ ಅನ್ಸುತ್ತೆ. ನೀವಾದ್ರೆ ಏನ್ ಮಾಡ್ತೀರ?

ಹೆದ್ದಾರಿ:
ಕಣ್ಮುಚ್ಕೊಂಡು ಸೆಡಾನ್ ತಗೊಳ್ಳಿ ಬ್ರೋ. ಹೊಸ ಗಾಡಿ ಶೋರೂಮಿಂದ ಆಚೆ ಬಂದ ದಿನವೇ ಬೆಲೆ ಬೀಳುತ್ತೆ, ಮೊದಲ ಮೂರು ವರ್ಷದಲ್ಲಿ ಬೀಳೋವಷ್ಟು ಆಮೇಲೆ ಯಾವತ್ತೂ ಬೀಳಲ್ಲ, ಆ ಪೆಟ್ಟು ಆಗ್ಲೇ ಮೊದಲನೇ ಓನರ್ ತಿಂದಾಗಿದೆ. ಟಾಪ್ ಮಾಡೆಲ್ ಅಂದ್ರೆ ಏರ್‌ಬ್ಯಾಗ್ ಜಾಸ್ತಿ, ಹೆಡ್‌ಲೈಟ್ ಚೆನ್ನಾಗಿರುತ್ತೆ, ಲಾಂಗ್ ಹೋದಾಗ ಹಿಂದೆ ಕೂತೋರಿಗೆ ಸುಸ್ತಾಗಲ್ಲ. ರಾತ್ರಿ ಮಳೇಲಿ ಓಡಿಸೋವಾಗ ಆ ಲೈಟಿನ ಬೆಲೆ ಗೊತ್ತಾಗುತ್ತೆ. ಅದೇ ದುಡ್ಡಲ್ಲಿ ದೊಡ್ಡ ಗಾಡಿ ಸಿಗ್ತಿರೋವಾಗ ಚಿಕ್ಕದಕ್ಕೆ ಯಾಕೆ ಹೋಗ್ಬೇಕು.

ಲೆಕ್ಕದ ಪುಸ್ತಕ:
ಹೆದ್ದಾರಿಯವರು ಹೇಳಿದ್ದು ತತ್ವಕ್ಕೆ ಸರಿ, ಆದ್ರೆ ಈ ಕೇಸಲ್ಲಿ ಲೆಕ್ಕ ಹಾಕ್ದೆ ಹೇಳೋಕಾಗಲ್ಲ. ಬೆಲೆ ಬಿದ್ದಿರೋದ್ರ ಲಾಭ ನಿಮಗೆ ಸಿಕ್ಕಿದ್ಯಾ ಅನ್ನೋದೇ ಪ್ರಶ್ನೆ. ಮೂರು ವರ್ಷ ಹಳೇ ಗಾಡಿಗೂ ಹೊಸದಕ್ಕೂ ಬರೀ ಹತ್ತು ಪರ್ಸೆಂಟ್ ವ್ಯತ್ಯಾಸ ಅಂದ್ರೆ ಆ ಲಾಭದಲ್ಲಿ ದೊಡ್ಡ ಪಾಲನ್ನ ಮಾರೋನೇ ಇಟ್ಕೊಂಡಿದಾನೆ, ಅಥವಾ ದೊಡ್ಡ ಗಾಡಿ ಅನ್ನೋದಕ್ಕೆ ನೀವು ಕೊಡ್ತಿದೀರ.

ಈಗ ಲೋನ್ ನೋಡಿ. ಹಳೇ ಗಾಡಿಗೆ ಬಡ್ಡಿ ಸಾಮಾನ್ಯವಾಗಿ ಹೊಸದಕ್ಕಿಂತ ಜಾಸ್ತಿ ಇರುತ್ತೆ, ಯಾಕಂದ್ರೆ ಸಾಲ ಕೊಡೋರಿಗೆ ಅದ್ರಲ್ಲಿ ರಿಸ್ಕ್ ಜಾಸ್ತಿ. ಉದಾಹರಣೆಗೆ ಹೊಸದರ ಬೆಲೆ 100 ಅಂತ ಇಟ್ಕೊಳ್ಳಿ, ಸೆಡಾನ್ 90. ಎರಡಕ್ಕೂ ಪೂರ್ತಿ ಸಾಲ, ಐದು ವರ್ಷ, ಹೊಸದಕ್ಕೆ 8 ಪರ್ಸೆಂಟ್ ಬಡ್ಡಿ, ಹಳೇದಕ್ಕೆ 12 ಪರ್ಸೆಂಟ್. ಹೊಸದಕ್ಕೆ ಒಟ್ಟು ಕಟ್ಟೋದು ಸುಮಾರು 121.7, ಹಳೇದಕ್ಕೆ ಸುಮಾರು 120.1. ಹತ್ತು ಇದ್ದ ವ್ಯತ್ಯಾಸ ಒಂದೂವರೆಗೆ ಬಂತು! ನಿಮಗೆ ಸಿಗೋ ಬಡ್ಡಿ ಬೇರೆ ಇರಬಹುದು, ನೀವು ಮೊದಲೇ ಕಟ್ಟೋ ಹಣ ಜಾಸ್ತಿ ಇದ್ರೆ ಈ ಅಂತರ ಇಷ್ಟು ಕರಗಲ್ಲ, ಆದ್ರೆ ಎರಡೂ ಕಡೆ ಬಡ್ಡಿ ಎಷ್ಟು ಅಂತ ಬರಹದಲ್ಲಿ ತಗೊಂಡು ಇದೇ ಲೆಕ್ಕ ಹಾಕಿ ನೋಡಿ. ಅದೇ ಸೆಡಾನ್ 75ಕ್ಕೆ ಸಿಕ್ಕಿದ್ರೆ ಕಟ್ಟೋದು 100 ಆಗ್ತಿತ್ತು, ಆಗ ನಾನೂ ಸೆಡಾನ್ ಅಂತಾನೇ ಹೇಳ್ತಿದ್ದೆ.

ಇನ್ನೊಂದು, ಇದನ್ನ ತುಂಬಾ ಜನ ಯೋಚ್ನೆ ಮಾಡಲ್ಲ. ಸೆಡಾನಿನ ಬೆಲೆ ಇಳಿದಿರುತ್ತೆ, ಆದ್ರೆ ಅದ್ರ ಪಾರ್ಟ್ಸ್ ಬೆಲೆ ಇಳಿದಿರಲ್ಲ. ದೊಡ್ಡ ಟಾಪ್ ಮಾಡೆಲ್ ಗಾಡಿಯ ಟೈರು, ಹೆಡ್‌ಲೈಟ್ ಅಸೆಂಬ್ಲಿ, ಸಸ್ಪೆನ್ಶನ್ ಎಲ್ಲಾ ಆ ಗಾಡಿಯ ಹೊಸ ಬೆಲೆಯ ದರ್ಜೆಯಲ್ಲೇ ಇರುತ್ತೆ. ನಿಮ್ಮ ಕೈಗೆ ಬಂದು ಎರಡು ಮೂರು ವರ್ಷದೊಳಗೆ ಟೈರು, ಬ್ಯಾಟರಿ, ಬ್ರೇಕ್ ಡಿಸ್ಕ್ ಎಲ್ಲಾ ಒಂದರ ಹಿಂದೆ ಒಂದು ಬದಲಾಯಿಸೋ ಕಾಲ ಬರುತ್ತೆ. ಆ ಖರ್ಚನ್ನ ಈಗ್ಲೇ ಅಂದಾಜು ಮಾಡಿ 90ಕ್ಕೆ ಸೇರಿಸಿ, ಆಮೇಲೆ ಹೋಲಿಸಿ.

ಗ್ಯಾರೇಜ್ ಮೇಷ್ಟ್ರು:
ಸರ್, ನಾನು ಕೆಲ್ಸ ಮಾಡೋನು, ಕೈಗೆ ಸಿಕ್ಕಿದ್ದನ್ನ ಹೇಳ್ತೀನಿ. ಸರ್ಟಿಫೈಡ್ ಅನ್ನೋ ಪದಕ್ಕೂ ಡಿಸ್ಕೌಂಟ್ ಅನ್ನೋ ಪದಕ್ಕೂ ಮರುಳಾಗ್ಬೇಡಿ, ಎರಡೂ ಗಾಡಿಯಲ್ಲಿ ನೀವು ನೋಡ್ಬೇಕಿರೋದು ತಾರೀಖು.

ಮೊದ್ಲು ಸೆಡಾನ್. ವಾರಂಟಿ ಕೊಡೋದು ಯಾರು ಅಂತ ಕೇಳಿ, ಕಾರ್ ಮಾಡಿದ ಕಂಪನಿನಾ, ಡೀಲರ್ ಸ್ವಂತದ್ದಾ, ಅಥವಾ ಮೂರನೇ ಪಾರ್ಟಿಯ ಪಾಲಿಸಿನಾ. ಮೂರೂ ಒಂದೇ ಅಲ್ಲ, ಕಂಪನಿದಾದ್ರೆ ಸಾಮಾನ್ಯವಾಗಿ ಅವರ ಯಾವ ಸರ್ವಿಸ್ ಸೆಂಟರಿಗೆ ಹೋದ್ರೂ ನಡೆಯುತ್ತೆ, ಡೀಲರ್ ಸ್ವಂತದ್ದಾದ್ರೆ ಅವರ ಬಾಗಿಲಿಗೇ ಹೋಗ್ಬೇಕು. ಮೂಲ ವಾರಂಟಿ ಲೆಕ್ಕ ಶುರುವಾಗೋದು ಗಾಡಿ ಮೊದಲನೇ ಸಲ ಡೆಲಿವರಿ ಆದ ದಿನದಿಂದ, ನೀವು ತಗೊಂಡ ದಿನದಿಂದ ಅಲ್ಲ, ಅದು ಇನ್ನೂ ಎಷ್ಟು ಉಳಿದಿದೆ ನೋಡಿ. ಯಾವ ಯಾವ ಪಾರ್ಟ್ ಕವರ್ ಆಗುತ್ತೆ ಅನ್ನೋ ಪುಟ ಕೇಳಿ ಓದಿ, ಬಾಯಿ ಮಾತಿಗೆ ಒಪ್ಕೋಬೇಡಿ.

ಆಮೇಲೆ ಗಾಡಿ. ಬೆಳಿಗ್ಗೆ ಹೋಗಿ, ನೀವು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿಟ್ಟಿರಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ಯಾಕೆ ಅಂತ ಕೇಳಿ, ತಣ್ಣಗಿರೋ ಎಂಜಿನ್ನಿನ ಶಬ್ದ, ಹೊಗೆ ಇವು ಬಿಸಿಯಾದ ಮೇಲೆ ಮರೆಯಾಗಿಬಿಡ್ತವೆ. ಟೈರ್ ಪಕ್ಕದಲ್ಲಿ ಡಿಓಟಿ ಅಂತ ಇರೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2322 ಅಂದ್ರೆ 2022ರ 23ನೇ ವಾರ ತಯಾರಾಗಿದ್ದು. ನಾಲ್ಕು ಟೈರೂ ನೋಡಿ, ಸ್ಟೆಪ್ನಿಯನ್ನೂ ಬಿಡ್ಬೇಡಿ. 38,000ಕ್ಕೇ ನಾಲ್ಕೂ ಹೊಸ ಟೈರ್ ಹಾಕಿದ್ರೆ, ಸ್ಟೇರಿಂಗ್ ತೊಗಲು ನುಣ್ಣಗಾಗಿ ಬ್ರೇಕ್ ಪೆಡಲಿನ ರಬ್ಬರ್ ಸವೆದು ಹೋಗಿದ್ರೆ ಮೀಟರ್ ಬಗ್ಗೆ ಅನುಮಾನ ಪಡಿ, ಸರ್ವಿಸ್ ಬಿಲ್‌ಗಳಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತೆ, ಅದು ಏರ್ತಾ ಬಂದಿದ್ಯಾ ನೋಡಿ. ಗಾಜುಗಳ ಮೂಲೇಲೂ ಕೋಡ್ ಇರುತ್ತೆ, ಎಲ್ಲಾ ಗಾಜು ಒಂದೇ ಕಾಲದ್ದಾಗಿ ಒಂದು ಮಾತ್ರ ಬೇರೆ ಇದ್ರೆ ಆ ಕಡೆ ಏನಾಗಿತ್ತು ಅಂತ ಕೇಳೋ ಹಕ್ಕು ನಿಮಗಿದೆ.

ಸೀಟ್ ಬೆಲ್ಟ್‌ನ ಕೊನೇ ತನಕ ಎಳೀರಿ. ಯಾರೂ ಮಾಡಲ್ಲ ಇದನ್ನ. ನೀರಲ್ಲಿ ಮುಳುಗಿದ್ದ ಗಾಡಿನ ಒಳಗೆ ಎಷ್ಟೇ ತೊಳೆದ್ರೂ ಬೆಲ್ಟ್ ಸುತ್ತಿಕೊಂಡಿರೋ ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತೆ, ಸೀಟ್ ಹಳಿಯ ಕೆಳಗೆ ತುಕ್ಕು ಇರುತ್ತೆ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಬಿಡಿಸಿದ್ರೆ ಫ್ಯಾಕ್ಟರಿ ಸ್ಪಾಟ್ ವೆಲ್ಡಿಂಗ್ ಗುಂಡಗೆ ಒಂದೇ ಅಂತರದಲ್ಲಿ ಕಾಣುತ್ತೆ, ಅಲ್ಲಿ ಒರಟು ವೆಲ್ಡಿಂಗ್ ಇದ್ರೆ ಆ ಗಾಡಿ ಬಿಟ್ಬಿಡಿ, ಎಷ್ಟೇ ಕಡಿಮೆಗೆ ಕೊಟ್ರೂ ಬೇಡ. ಪೇಂಟ್ ಅಳೆಯೋ ಮೀಟರ್ ಇರೋ ಮೆಕ್ಯಾನಿಕ್ ಕರ್ಕೊಂಡು ಹೋಗಿ, ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ, ಒಂದು ಡೋರಲ್ಲಿ ಅದು ನಾಲ್ಕೈದು ಪಟ್ಟು ಬಂದ್ರೆ ಗುಳಿ ಮುಚ್ಚೋಕೆ ಒಳಗೆ ಪುಟ್ಟಿ ಪೇಸ್ಟ್ ತುಂಬಿದಾರೆ ಅಂತ. ಗಾಡಿಯ ಕಂಪ್ಯೂಟರಲ್ಲಿ ದಾಖಲಾದ ದೋಷ ಓದೋ ಓಬಿಡಿ ಸ್ಕ್ಯಾನರ್ ಹಾಕಿದಾಗ ಎರರ್ ಇಲ್ಲ ಅಂತ ಬಂದ್ರೆ ಅಷ್ಟಕ್ಕೇ ಖುಷಿ ಪಡ್ಬೇಡಿ, ಗಾಡಿ ತನ್ನ ಸ್ವಂತ ಪರೀಕ್ಷೆಗಳನ್ನ ಮುಗಿಸಿದ್ಯಾ ಅಂತ ತೋರಿಸೋ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತೆ, ಅದ್ರಲ್ಲಿ ಹೆಚ್ಚಿನವು ನಾಟ್ ರೆಡಿ ಅಂತಿದ್ರೆ ಮೊನ್ನೆ ಮೊನ್ನೆ ಯಾರೋ ಎರರ್ ಅಳಿಸಿರಬಹುದು, ಬ್ಯಾಟರಿ ಬಿಚ್ಚಿದ್ರೂ ಹಾಗೆ ಬರುತ್ತೆ, ಹಂಗಾಗಿ ಕೇಳಿ ತಿಳ್ಕೊಳ್ಳಿ. ಮತ್ತೆ ಗಾಡಿಯ ಗುರುತಿನ ಹದಿನೇಳು ಅಕ್ಷರದ ವಿನ್ ನಂಬರ್ ಹಾಕಿ ರೀಕಾಲ್, ಅಂದ್ರೆ ದೋಷ ಸರಿಪಡಿಸೋಕೆ ಕಂಪನಿ ವಾಪಸ್ ಕರೆದಿರೋದು, ಬಾಕಿ ಇದ್ಯಾ ನೋಡಿ. ತಕಾಟಾ ಅನ್ನೋ ಕಂಪನಿಯ ದೋಷದ ಏರ್‌ಬ್ಯಾಗಿನ ವಿಷ್ಯದಲ್ಲಿ ಜಗತ್ತಿನಾದ್ಯಂತ ಕೋಟ್ಯಂತರ ಗಾಡಿ ವಾಪಸ್ ಕರೆದ್ರು, ಆದ್ರೂ ಎಷ್ಟೋ ಜನ ಹೋಗಿ ಬದಲಾಯಿಸ್ಕೊಂಡೇ ಇರಲಿಲ್ಲ.

ದಾರಿಹೋಕ:
ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಲೆಕ್ಕದ ಪುಸ್ತಕದವರಿಗೂ. ನೀವು ಹೇಳಿದ್ಮೇಲೆ ಹೋಗಿ ವಾರಂಟಿ ಪೇಪರ್ ಕೇಳಿ ಓದಿದೆ. ಎಂಜಿನ್, ಗೇರ್‌ಬಾಕ್ಸ್ ಮಾತ್ರ ಕವರ್, ಏಸಿ ಇಲ್ಲ, ಎಲೆಕ್ಟ್ರಿಕಲ್ ಇಲ್ಲ, ಸ್ಟೇರಿಂಗ್ ಇಲ್ಲ, ಸಸ್ಪೆನ್ಶನ್ನೂ ಇಲ್ಲ. ಕ್ಲೈಮ್‌ಗೂ ಒಂದು ಮಿತಿ ಇದೆ. ಮೂಲ ವಾರಂಟಿ ಇನ್ನೇನು ಮುಗಿಯೋದ್ರಲ್ಲಿದೆ. ಹೊರಗಡೆ ನನ್ನ ಮೆಕ್ಯಾನಿಕ್‌ಗೆ ತೋರಿಸ್ಬೇಕು ಅಂದೆ, ನಾವೇ ಚೆಕ್ ಮಾಡಿ ಸರ್ಟಿಫಿಕೇಟ್ ಕೊಟ್ಟಿದೀವಲ್ಲ ಸರ್, ಗಾಡಿ ಆಚೆ ಕಳಿಸಲ್ಲ ಅಂದ್ರು. ಮೆಕ್ಯಾನಿಕ್‌ನ ಇಲ್ಲಿಗೇ ಕರ್ಕೊಂಡು ಬರ್ಲಾ ಅಂದ್ರೆ ಅದಕ್ಕೂ ಸರಿಯಾದ ಉತ್ತರ ಇಲ್ಲ. ಹೊಸದರ ತಯಾರಾದ ತಿಂಗಳು ಕೇಳಿದೆ, ಒಂಬತ್ತು ತಿಂಗಳು ಹಿಂದಿನದಂತೆ, ಅಂದ್ರೆ ಹೋದ ವರ್ಷದ್ದು. ಇದ್ರಿಂದ ತೊಂದ್ರೆ ಇದ್ಯಾ?

ಹೆದ್ದಾರಿ:
ಹೊರಗಿನ ಮೆಕ್ಯಾನಿಕ್‌ಗೆ ತೋರಿಸಲ್ಲ ಅಂದ್ರಾ, ಹಂಗಾದ್ರೆ ನಾನು ಹೇಳಿದ್ದು ವಾಪಸ್. ಆ ಸೆಡಾನ್ ಬೇಡ. ಬೇರೆ ಕಡೆ ಅದೇ ಮಾಡೆಲ್ ಕಡಿಮೆ ಬೆಲೆಗೆ, ಧೈರ್ಯವಾಗಿ ತೋರಿಸೋರ ಹತ್ರ ಸಿಕ್ರೆ ನೋಡಿ, ಮೂರು ವರ್ಷದ ಗಾಡಿ ಅನ್ನೋ ಐಡಿಯಾ ಈಗ್ಲೂ ಒಳ್ಳೇದೇ.

ಲೆಕ್ಕದ ಪುಸ್ತಕ:
ಹೋದ ವರ್ಷ ತಯಾರಾಗಿದ್ದು ಅನ್ನೋದನ್ನ ಬೆಲೆ ಮಾತಾಡೋಕೆ ಬಳಸಿ. ನಾಳೆ ನೀವು ಮಾರೋವಾಗ ತಗೊಳ್ಳೋನು ತಯಾರಾದ ವರ್ಷನೂ ಕೇಳ್ತಾನೆ, ಮೇಲಿಂದ ಹೊಸ ವರ್ಷನ್ ಬಂದ್ಮೇಲೆ ಇದು ಹಳೇ ಶೇಪ್ ಆಗುತ್ತೆ. ಅಂದ್ರೆ ಈಗ ಅವರು ಕೊಡ್ತಿರೋ ಡಿಸ್ಕೌಂಟಲ್ಲಿ ಒಂದು ಭಾಗ ನೀವು ಮುಂದೆ ಕಳ್ಕೊಳ್ಳೋದನ್ನೇ ಈಗ ಕೊಡ್ತಿರೋದು. ಎರಡು ಮೂರು ವರ್ಷಕ್ಕೆ ಮಾರೋರಿಗೆ ಇದು ಬಲವಾಗಿ ಹೊಡೆಯುತ್ತೆ, ಏಳೆಂಟು ವರ್ಷ ಇಟ್ಕೊಳ್ಳೋ ನಿಮಗೆ ಅಷ್ಟೇನಿಲ್ಲ, ಅಷ್ಟು ಹೊತ್ತಿಗೆ ಒಂದು ವರ್ಷ ಹಿಂದೆ ಮುಂದೆ ಆದ್ರೆ ಬೆಲೇಲಿ ದೊಡ್ಡ ಫರಕ್ ಬರಲ್ಲ. ನಿಮ್ಮ ಬಳಕೆಗೆ ಹೊಸದೇ ಸರಿ ಅಂತ ನನ್ನ ಅಭಿಪ್ರಾಯ, ಒತ್ತಿ ಹೇಳ್ತೀನಿ. ಆದ್ರೆ ಕಡಿಮೆ ಬಡ್ಡಿಯ ಆಫರ್ ಇದೆ ಅಂದ್ರೆ ಅದ್ರ ಜೊತೆಗೇ ಡಿಸ್ಕೌಂಟೂ ಪೂರ್ತಿ ಸಿಗುತ್ತಾ ಅಂತ ಕೇಳಿ, ಎಷ್ಟೋ ಕಡೆ ಎರಡರಲ್ಲಿ ಒಂದೇ ಅಂತಾರೆ. ಡಿಸ್ಕೌಂಟ್ ಬದಲು ಆಕ್ಸೆಸರಿ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಬಿಲ್ಲಲ್ಲೇ ಕಡಿಮೆ ಮಾಡಿಸ್ಕೊಳ್ಳಿ, ಸಾಲಾನೂ ಅಷ್ಟು ಕಡಿಮೆ ಆಗುತ್ತೆ.

ಗ್ಯಾರೇಜ್ ಮೇಷ್ಟ್ರು:
ಒಂಬತ್ತು ತಿಂಗಳು ದೊಡ್ಡ ವಿಷ್ಯ ಅಲ್ಲ ಸರ್, ಎಲ್ಲಿ ನಿಂತಿತ್ತು ಅನ್ನೋದು ಮುಖ್ಯ. ಬಿಸಿಲಲ್ಲಿ ಯಾರ್ಡಲ್ಲಿ ನಿಂತಿದ್ದ ಗಾಡಿಯ ವೈಪರ್ ರಬ್ಬರ್ ಗಟ್ಟಿಯಾಗಿರುತ್ತೆ, ಒಂದೇ ಕಡೆ ಭಾರ ಬಿದ್ದು ಟೈರ್ ಚಪ್ಪಟೆಯಾಗಿ ಓಡಿಸೋವಾಗ ಸ್ಟೇರಿಂಗ್ ನಡುಗುತ್ತೆ, ಇದು ಸ್ವಲ್ಪ ದೂರ ಓಡಿದ್ಮೇಲೆ ಹೋದ್ರೆ ಸರಿ, ಹೋಗ್ಲಿಲ್ಲ ಅಂದ್ರೆ ಟೈರ್ ಬದಲಾಯಿಸೋಕೆ ಹೇಳಿ. ಜಾಸ್ತಿ ಏಟು ತಿನ್ನೋದು ಬ್ಯಾಟರಿ. ಚಾರ್ಜ್ ಇಲ್ದೆ ತಿಂಗಳುಗಟ್ಟಲೆ ನಿಂತ ಬ್ಯಾಟರಿಯ ಒಳಗೆ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಕೊಳ್ಳುತ್ತೆ, ಡೆಲಿವರಿ ದಿನ ಚಾರ್ಜ್ ಮಾಡಿ ಕೊಟ್ರೆ ಸ್ಟಾರ್ಟ್ ಆಗುತ್ತೆ, ಆದ್ರೆ ಆಯುಷ್ಯ ಅರ್ಧ ಹೋಗಿರಬಹುದು. ಲೋಡ್ ಟೆಸ್ಟ್ ನಿಮ್ಮ ಎದುರಿಗೇ ಮಾಡಿಸಿ, ಕಮ್ಮಿ ಬಂದ್ರೆ ಹೊಸ ಬ್ಯಾಟರಿ ಹಾಕ್ಸಿ ಆಮೇಲೆ ಸಹಿ ಹಾಕಿ. ಬಾನೆಟ್ ಎತ್ತಿ ಇಲಿ ವೈರ್ ಕಡಿದಿದ್ಯಾ ನೋಡಿ, ಹಿಕ್ಕೆ ಬಿದ್ದಿದ್ರೂ ಗೊತ್ತಾಗುತ್ತೆ. ಮೀಟರ್ ಓದಿ, ನೂರಾರು ಕಿಲೋಮೀಟರ್ ತೋರಿಸ್ತಿದ್ರೆ ಅದು ಟೆಸ್ಟ್ ಡ್ರೈವಿಗೆ ಓಡಿಸಿದ ಡೆಮೊ ಗಾಡಿ ಇರಬಹುದು, ಡೆಮೊ ತಗೊಳ್ಳೋದು ತಪ್ಪಲ್ಲ ಆದ್ರೆ ಅದಕ್ಕೆ ಬೆಲೆ ಬೇರೆ. ವಾರಂಟಿ ನೀವು ಡೆಲಿವರಿ ತಗೊಂಡ ದಿನದಿಂದ ಶುರು ಅಂತ ಪೇಪರಲ್ಲಿ ಇರ್ಲಿ. ಮೊದಲ ಸರ್ವಿಸ್‌ನ ಕಿಲೋಮೀಟರ್ ಆಗ್ಲಿಲ್ಲ ಅಂತ ಮುಂದೆ ಹಾಕ್ಬೇಡಿ, ನಿಂತ ಗಾಡಿಗೆ ತಿಂಗಳ ಲೆಕ್ಕದಲ್ಲೇ ಆಯಿಲ್ ಬದಲಾಯಿಸಿ.

ದಾರಿಹೋಕ:
ಹಾಗಾದ್ರೆ ಹೊಸದಕ್ಕೇ ಹೋಗ್ತೀನಿ ಅಂತ ಮನೇಲೂ ಮಾತಾಡಿದ್ವಿ. ಒಂದೇ ಅಳುಕು, ಸೆಡಾನಿನ ಟಾಪ್ ಮಾಡೆಲಲ್ಲಿ ಆರು ಏರ್‌ಬ್ಯಾಗ್ ಇತ್ತು, ಇದ್ರ ಮಧ್ಯದ ವೇರಿಯಂಟಲ್ಲಿ ಎಷ್ಟು ಅಂತ ಸೇಲ್ಸ್‌ನವರು ಸ್ಪಷ್ಟ ಹೇಳ್ತಿಲ್ಲ, ಬ್ರೋಶರಲ್ಲಿ ನಕ್ಷತ್ರ ಚಿಹ್ನೆ ಹಾಕಿ ಆಯ್ದ ವೇರಿಯಂಟ್ ಅಂತ ಬರ್ದಿದಾರೆ. ಮಕ್ಕಳ ವಿಷ್ಯ, ಇದ್ರಲ್ಲಿ ರಾಜಿ ಆಗೋಕೆ ಇಷ್ಟ ಇಲ್ಲ.

ಗ್ಯಾರೇಜ್ ಮೇಷ್ಟ್ರು:
ರಾಜಿ ಆಗ್ಲೇಬೇಡಿ ಸರ್. ಅವರನ್ನ ಕೇಳೋದಕ್ಕಿಂತ ಗಾಡಿಯಲ್ಲೇ ನೋಡಿ. ಸೈಡ್ ಏರ್‌ಬ್ಯಾಗ್ ಇದ್ರೆ ಮುಂದಿನ ಸೀಟಿನ ಪಕ್ಕದಲ್ಲಿ ಚಿಕ್ಕ ಟ್ಯಾಗ್ ಇರುತ್ತೆ, ಕಿಟಕಿ ಮೇಲಿಂದ ಪರದೆ ಹಾಗೆ ಇಳಿಯೋ ಕರ್ಟನ್ ಏರ್‌ಬ್ಯಾಗ್ ಇದ್ರೆ ಬಾಗಿಲ ಪಕ್ಕದ ಕಂಬದ ಮೇಲೆ ಅಕ್ಷರ ಕೆತ್ತಿರುತ್ತೆ. ಏರ್‌ಬ್ಯಾಗ್‌ಗಿಂತ ಮೊದ್ಲು ಈಎಸ್‌ಸಿ ಇದ್ಯಾ ಅಂತ ನೋಡಿ, ಏರ್‌ಬ್ಯಾಗ್ ಕೆಲ್ಸ ಮಾಡೋದು ಗುದ್ದಿದ ಮೇಲೆ, ಗಾಡಿ ಜಾರೋವಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಅದು ದಾರಿ ತಪ್ಪದ ಹಾಗೆ ಹಿಡಿಯೋದು ಈಎಸ್‌ಸಿ. ಇಗ್ನಿಷನ್ ಆನ್ ಮಾಡಿದಾಗ ಮೀಟರ್ ಬೋರ್ಡಲ್ಲಿ ಹಿಂದೆ ಎರಡು ಡೊಂಕು ಗೆರೆ ಇರೋ ಕಾರಿನ ಚಿತ್ರ ಹಳದಿಯಾಗಿ ಬಂದು ಸ್ವಲ್ಪ ಹೊತ್ತಿಗೆ ಆರುತ್ತೆ, ಬಂದ್ರೆ ಇದೆ ಅಂತ. ಬರ್ಲಿಲ್ಲ ಅಂದ್ರೆ ಡಿಸ್ಕೌಂಟ್ ಸ್ವಲ್ಪ ಕಡಿಮೆ ಆದ್ರೂ ಪರ್ವಾಗಿಲ್ಲ, ಅದು ಇರೋ ಮೇಲಿನ ವೇರಿಯಂಟ್ ಸ್ಟಾಕಲ್ಲಿ ಇದ್ಯಾ ಕೇಳಿ, ಹಿಂದಿನ ಸೀಟಲ್ಲಿ ಮಕ್ಕಳ ಸೀಟ್ ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಇದ್ಯಾ ಅಂತಾನೂ ಕೈ ಹಾಕಿ ನೋಡಿ, ಸೀಟು ಮತ್ತೆ ಬೆನ್ನಿನ ಸಂದಿಯಲ್ಲಿ ಎರಡು ಲೋಹದ ಬಳೆ ಸಿಗ್ಬೇಕು.